ನವಣೆಹಳ್ಳಿಯನ್ನು ಹುಡುಕಿದ್ದು

ಹತ್ತನೇ ತರಗತಿಯ ಅಂಕಪಟ್ಟಿಯೊಂದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ಹತ್ತಿರ ಇತ್ತು. ಅದು ನನ್ನದಲ್ಲ. ಮಧುಗಿರಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನನ್ನ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದ ಗೆಳತಿಯದು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗುಟ್ಟೇನಿಲ್ಲ, ಆ ಹೆಸರಿನವರು ನಮ್ಮ ಸೀಮೆಯಲ್ಲಿ ಬೀದಿಗೆ ಇಬ್ಬರಾದರೂ ಸಿಗುತ್ತಾರೆ. ನನ್ನ ಕಷ್ಟ ಶುರುವಾದದ್ದೂ ಅಲ್ಲಿಂದಲೇ.

ಅವಳು ಪಾವಗಡ ತಾಲ್ಲೂಕಿನ ಗಡಿ ಊರಿನವಳು. ಕುರಿ ಸಾಕುವ ಮನೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ, ಶಾಲೆಯಲ್ಲಿ ಮಾತ್ರ ಕನ್ನಡ. ನಾನು ಪುರವರದ ಕಡೆಯವಳು. ನಮ್ಮಪ್ಪ ಪ್ರೈಮರಿ ಶಾಲೆಯ ಮೇಷ್ಟರು. ಗೋಡೆಯ ಮೇಲೆ ಬುದ್ಧನ ಪಟವಿದ್ದ ನಮ್ಮ ಮನೆಯಲ್ಲಿ, ಹೆಣ್ಣುಮಗಳು ಓದಬೇಕೋ ಬೇಡವೋ ಎನ್ನುವ ಚರ್ಚೆ ಯಾವತ್ತೂ ನಡೆದಿರಲಿಲ್ಲ. ಅವಳ ಮನೆಯಲ್ಲಿ ಪ್ರತಿ ದಸರಾ ರಜೆಗೂ ಆ ಚರ್ಚೆ ನಡೆಯುತ್ತಿತ್ತು. ಪ್ರತಿ ಸಲವೂ ಅವಳು ಅತ್ತು, ಊಟ ಬಿಟ್ಟು, ಗೆದ್ದು, ಒಂದು ವಾರ ತಡವಾಗಿ ಹಾಸ್ಟೆಲಿಗೆ ಬರುತ್ತಿದ್ದಳು. ಬಂದವಳು ಅತ್ತಿದ್ದನ್ನೇ ನಗುತ್ತ ಹೇಳುತ್ತಿದ್ದಳು. ನಾನು ಅವಳಿಗೆ ಒತ್ತಕ್ಷರ ತಿದ್ದಿಸುತ್ತಿದ್ದೆ. ಅವಳು ನನಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಕುರಿ ಎಣಿಸಿ ಬೆಳೆದವಳಿಗೆ ಲೆಕ್ಕ ಸುಲಭ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು.

ಪರೀಕ್ಷೆ ಮುಗಿದ ದಿನ ಅವಳಪ್ಪ ಬಂದು ಟ್ರಂಕು ಹೊತ್ತುಕೊಂಡು ಹೋದರು. ಬಸ್ ಸ್ಟ್ಯಾಂಡಿನವರೆಗೆ ನಾನೂ ಹೋಗಿದ್ದೆ. ತಾಯಿಯ ತಮ್ಮನಿಗೇ ಕೊಡುತ್ತಾರಂತೆ, ಆಂಧ್ರದ ಮಡಕಶಿರದ ಆಚೆ ನವಣೆಹಳ್ಳಿ ಎಂಬ ಊರು ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದಳು. ರಿಸಲ್ಟ್ ಬರುವವರೆಗಾದರೂ ತಡೆಯುತ್ತಾರಾ ಎಂದು ಕೇಳಿದೆ. ತಲೆಯಾಡಿಸಿದಳು. ಹೌದು ಎಂದಳೋ ಇಲ್ಲ ಎಂದಳೋ ನನಗೆ ತಿಳಿಯಲಿಲ್ಲ.

ಅವಳು ಪಾಸಾಗಿದ್ದಳು. ಅಂಕಪಟ್ಟಿ ಹಂಚುವ ದಿನ ಅವಳಾಗಲಿ ಅವಳ ಮನೆಯವರಾಗಲಿ ಬರಲಿಲ್ಲ. ಹೆಡ್‌ಮಾಸ್ಟರು ಎರಡು ಸಲ ಹೆಸರು ಕೂಗಿ, ಯಾರಾದರೂ ತಲುಪಿಸುತ್ತೀರಾ ಎಂದು ಕೇಳಿದರು. ನಾನು ಕೈ ಎತ್ತಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ತೆಗೆದುಕೊಂಡೆ.

ತಲುಪಿಸಲಿಲ್ಲ. ಆ ರಜೆಯಲ್ಲಿ ಪಾವಗಡಕ್ಕೆ ಒಬ್ಬಳನ್ನೇ ಕಳಿಸಲು ಅಮ್ಮ ಒಪ್ಪಲಿಲ್ಲ. ಅಂಚೆಗೆ ಹಾಕಿದರೆ ಕಳೆದುಹೋದೀತೆಂದು ನಾನೇ ಹೆದರಿದೆ. ಆಮೇಲೆ ಕಾಲೇಜು, ಟೀಚರ್ ತರಬೇತಿ, ಕೆಲಸ, ಮದುವೆ, ಮಗಳು. ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಪಾವಗಡದಲ್ಲಿ ತರಬೇತಿ ಇದ್ದಾಗ ಅವಳ ತವರೂರಿಗೆ ಹೋಗಿಬಂದೆ. ಅಪ್ಪ ತೀರಿಕೊಂಡಿದ್ದರು, ಅಣ್ಣಂದಿರು ಕುರಿ ಮಾರಿ ಊರು ಬಿಟ್ಟಿದ್ದರು. ಎಲ್ಲಿಗೆ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವಳನ್ನು ಮಡಕಶಿರದ ಕಡೆ ಕೊಟ್ಟದ್ದಷ್ಟೇ ಅವರಿಗೆ ನೆನಪು, ನವಣೆಹಳ್ಳಿ ಎಂದರೆ ಯಾರೂ ಕೇಳಿಯೇ ಇರಲಿಲ್ಲ. ನನ್ನ ಪ್ರಮಾಣಪತ್ರಗಳ ಫೈಲಿನಲ್ಲಿ ಅವಳದೂ ಉಳಿಯಿತು. ಏನಾದರೂ ಹುಡುಕಲು ಆ ಫೈಲು ತೆಗೆದಾಗಲೆಲ್ಲ ಅದು ಕೈಗೆ ಬರುತ್ತಿತ್ತು, ನಾನು ಬೇಗ ಪುಟ ತಿರುವಿಬಿಡುತ್ತಿದ್ದೆ.

ಕೈಗೆ ಸ್ಮಾರ್ಟ್‌ಫೋನು ಬಂದಾಗ ಎಲ್ಲರಂತೆ ನಾನೂ ಅವಳ ಹೆಸರನ್ನು ಗೂಗಲ್ಲಿನಲ್ಲಿ ಹಾಕಿ ನೋಡಿದೆ. ಸಿನಿಮಾ ನಟಿಯೊಬ್ಬಳು ಬಂದಳು, ಹೈದರಾಬಾದಿನ ಕಣ್ಣಿನ ಡಾಕ್ಟರು ಬಂದರು, ಮದುವೆಗೆ ಗಂಡು ಹುಡುಕುವ ಹುಡುಗಿಯರು ಸಾಲಾಗಿ ಬಂದರು. ಹೆಸರಿನ ಮುಂದೆ ಮಡಕಶಿರ ಸೇರಿಸಿದರೆ ಸೀರೆ ಅಂಗಡಿ ಬಂತು. ನವಣೆಹಳ್ಳಿ ಎಂದು ಹಾಕಿದರೆ ನವಣೆ ಅಕ್ಕಿಯ ಉಪಯೋಗಗಳು ಬಂದವು. ಫೇಸ್‌ಬುಕ್ಕಿನಲ್ಲಿ ಆ ಹೆಸರಿನ ಮುಖಗಳನ್ನು ಎಷ್ಟೋ ಭಾನುವಾರ ನೋಡಿದೆ. ಯಾವ ಮುಖವೂ ಅವಳದಾಗಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಇಲ್ಲ ಎಂದಮೇಲೆ ಇನ್ನೆಲ್ಲಿ ಸಿಗುತ್ತಾಳೆ ಎಂದು ಕೈಬಿಟ್ಟೆ.

ಆ ಎಣಿಕೆ ತಪ್ಪು ಎಂದು ಗೊತ್ತಾದದ್ದು ಹೊಳವನಹಳ್ಳಿಯಲ್ಲಿ, ಒಬ್ಬರ ಮನೆಯ ಜಗಲಿಯ ಮೇಲೆ.

ನಾನು ಆ ಹೋಬಳಿಯ ಪ್ರೈಮರಿ ಶಾಲೆಯಲ್ಲಿ ಟೀಚರು. ಪಾಠದ ಜೊತೆಗೆ ಮತದಾರರ ಪಟ್ಟಿಯ ಕೆಲಸವೂ ಇದೆ. ವರ್ಷಕ್ಕೊಮ್ಮೆ ಪಟ್ಟಿ ಹಿಡಿದು ಮನೆಮನೆಗೆ ಹೋಗಬೇಕು, ಹದಿನೆಂಟು ತುಂಬಿದವರನ್ನು ಸೇರಿಸಬೇಕು, ತೀರಿಕೊಂಡವರ ಹೆಸರು ತೆಗೆಯಬೇಕು. ಪಟ್ಟಿಯಲ್ಲಿ ತೆಗೆದ ಹೆಸರಿನ ಮೇಲೆ ಅಡ್ಡಲಾಗಿ ಒಂದು ಮುದ್ರೆ ಬರುತ್ತದೆ, ಪಕ್ಕದಲ್ಲಿ ಒಂದು ಸಣ್ಣ ಇಂಗ್ಲಿಷ್ ಅಕ್ಷರ. ಸತ್ತವರಿಗೆ ಇ, ಊರು ಬಿಟ್ಟವರಿಗೆ ಎಸ್. ಬಿಸಿಲಿನಲ್ಲಿ ಓಡಾಡಿ ಸುಸ್ತಾದಾಗ ನಾನು ಈ ಅಕ್ಷರಗಳನ್ನು ಬರೆದುಕೊಳ್ಳುತ್ತಿದ್ದುದು ಹಾಲಿನವನ ಲೆಕ್ಕ ಗುರುತು ಮಾಡಿಕೊಂಡ ಹಾಗೆಯೇ.

ಆ ದಿನ ಪಾವಗಡದ ಕಡೆಯಿಂದ ಬಂದ ಸೊಸೆಯೊಬ್ಬಳು ಪಟ್ಟಿಗೆ ಸೇರುವ ಅರ್ಜಿಗಾಗಿ ತನ್ನ ತಂದೆಯ ಹೆಸರು ಹಳೆಯ ಪಟ್ಟಿಯಲ್ಲಿ ಎಲ್ಲಿತ್ತು ಎಂದು ತೋರಿಸಬೇಕಿತ್ತು. ಫೋನಿನಲ್ಲಿ ತಂದೆಯ ಹೆಸರು ಹಾಕಿ ಹುಡುಕಿದ್ದಳು, ಏನೂ ಸಿಕ್ಕಿರಲಿಲ್ಲ. ನಾನು ಅವಳ ಪಕ್ಕ ಕೂತು ಚುನಾವಣಾ ವೆಬ್‌ಸೈಟು ತೆರೆದೆ. ಜಿಲ್ಲೆ ಆರಿಸಿ, ಕ್ಷೇತ್ರ ಆರಿಸಿ, ಅಲ್ಲಿ ಕೇಳುವ ವಕ್ರ ಅಕ್ಷರಗಳನ್ನು ನೋಡಿ ಟೈಪು ಮಾಡಿ, ಮತಗಟ್ಟೆಯ ಪಟ್ಟಿ ಇಳಿಸಿಕೊಂಡೆ. ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದ ಪುಟಗಳು ಅವು. ಒಂದೊಂದೇ ಪುಟ ತಿರುವಿದಾಗ ಹನ್ನೊಂದನೇ ಪುಟದಲ್ಲಿ ಅವಳ ತಂದೆ ಸಿಕ್ಕರು.

ಅವಳು ಕೇಳಿದಳು: "ಇಲ್ಲೇ ಇದ್ರೂ ಗೂಗಲ್ನಾಗೆ ಯಾಕೆ ಬರ್ಲಿಲ್ಲ ಟೀಚರ್?"

ನನಗೆ ತಿಳಿದಷ್ಟು ಹೇಳಿದೆ. ಗೂಗಲ್ಲು ಬಾಗಿಲು ತೆರೆದಿರುವ ಮನೆಗಳನ್ನಷ್ಟೇ ನೋಡಿಕೊಂಡು ಹೋಗುತ್ತದೆ. ಯಾವ ಜಿಲ್ಲೆ, ಯಾವ ಊರು ಎಂದು ಕೇಳಿ ಆಮೇಲೆ ತೆರೆಯುವ ಬಾಗಿಲುಗಳ ಒಳಗೆ ಹೋಗುವುದಿಲ್ಲ. ಹೋದರೂ ಈ ಪುಟಗಳು ಅದಕ್ಕೆ ಬರೀ ಚಿತ್ರ, ಅಕ್ಷರವಲ್ಲ. ಮನುಷ್ಯರೇ ಕೂತು ಓದಬೇಕು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನನ್ನ ಮಾತು ನನಗೇ ಕೇಳಿಸಿತು. ಮುಂದಿನ ಮನೆಗೆ ಹೋಗುವುದನ್ನು ಬಿಟ್ಟು ಸ್ವಲ್ಪ ಹೊತ್ತು ಅಲ್ಲೇ ಕೂತೆ. ಅವಳ ಅತ್ತೆ ಮಜ್ಜಿಗೆ ತಂದುಕೊಟ್ಟರು.

ಮದುವೆಯಾಗಿ ಹೋದವಳು ಓಟು ಹಾಕಿಯೇ ಇರುತ್ತಾಳೆ. ಪಟ್ಟಿಯಲ್ಲಿ ಗಂಡನ ಹೆಸರು, ವಯಸ್ಸು ಇರುತ್ತವೆ. ಅವಳ ಹುಟ್ಟಿದ ತಾರೀಕು ನನ್ನ ಹತ್ತಿರವೇ ಇರುವ ಅಂಕಪಟ್ಟಿಯಲ್ಲಿದೆ, ಸೋದರಮಾವನ ಹೆಸರನ್ನು ಅವಳು ಹಾಸ್ಟೆಲಿನಲ್ಲಿ ಬೈಯುತ್ತ ನೂರು ಸಲ ಹೇಳಿದ್ದಾಳೆ. ಆಂಧ್ರದ ಪಟ್ಟಿಗಳೂ ಹೀಗೆಯೇ ಎಲ್ಲರಿಗೂ ತೆರೆದಿವೆ. ಊರೊಂದು ಗೊತ್ತಾಗಬೇಕಿತ್ತು. ಮಡಕಶಿರದ ಕ್ಷೇತ್ರದಲ್ಲಿ ನವಣೆಹಳ್ಳಿ ಎಂಬ ಮತಗಟ್ಟೆಯೇ ಇರಲಿಲ್ಲ.

ನಮ್ಮ ಶಾಲೆಯಲ್ಲಿ ಪಾವಗಡದಿಂದ ಬಂದ ಸಹೋದ್ಯೋಗಿಯೊಬ್ಬರಿದ್ದಾರೆ, ನನಗಿಂತ ಕಿರಿಯರು. ಮಧ್ಯಾಹ್ನ ಮಕ್ಕಳ ಊಟ ಮುಗಿದ ಮೇಲೆ ಅವರ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ಮೊದಲು ಕೇಳಿದ್ದು, ನಿಮ್ಮ ಗೆಳತಿ ಮನೆಯಲ್ಲಿ ಯಾವ ಮಾತಾಡುತ್ತಿದ್ದರು ಎಂದು. ತೆಲುಗು ಎಂದೆ.

"ಅಂಗಾರೆ ನವಣೆ ಅಂತ ಯಾಕಿರ್ತದೆ ಮೇಡಂ? ನಾವು ನವಣೆಗೆ ಕೊರ್ರಲು ಅಂತೀವಿ. ಕೊರ್ರ ಅಂತ ಹುಡುಕ್ರಿ."

ನನಗೆ ಆಗ ನೆನಪಾಯಿತು. ಹಾಸ್ಟೆಲಿನಲ್ಲಿ ಅವಳಿಗೊಂದು ಚಾಳಿಯಿತ್ತು. ತನ್ನ ಕಡೆಯ ಊರುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಹೇಳಿ ನಮ್ಮನ್ನು ನಗಿಸುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ನನಗೆ ಹೇಳಿದ್ದು ಊರಿನ ಹೆಸರಲ್ಲ, ಅವಳ ತಮಾಷೆ. ಅಷ್ಟು ದುಃಖದಲ್ಲೂ ತಮಾಷೆ ಮಾಡಿದ್ದಳು. ಅದನ್ನೇ ನಿಜವೆಂದು ಹಿಡಿದುಕೊಂಡು ನಾನು ಇಷ್ಟು ವರ್ಷ ಕಳೆದಿದ್ದೆ.

ಕೊರ್ರ ಎಂದು ಶುರುವಾಗುವ ಮತಗಟ್ಟೆಗಳು ಆ ಪಟ್ಟಿಯಲ್ಲಿ ಮೂರಿದ್ದವು. ಮೂರನ್ನೂ ಇಳಿಸಿಕೊಂಡೆ. ಎಲ್ಲ ತೆಲುಗು ಲಿಪಿ. ಸಹೋದ್ಯೋಗಿ ಓದಿಕೊಡುತ್ತೇನೆ ಎಂದರು. ಆದರೆ ಅವರನ್ನು ಅಷ್ಟು ಹೊತ್ತು ಕೂರಿಸಿಕೊಳ್ಳಲು ಮನಸ್ಸಾಗಲಿಲ್ಲ, ಮೇಲಾಗಿ ಇದು ನಾನೇ ಮಾಡಬೇಕಾದ ಕೆಲಸ ಎನಿಸಿತು. ತೆಲುಗು ಅಕ್ಷರ ನಮ್ಮವಕ್ಕೆ ಅಕ್ಕತಂಗಿಯರ ಹಾಗೆ. ತಲೆಕಟ್ಟು ಬೇರೆ, ಮೈ ಹೆಚ್ಚುಕಡಿಮೆ ಅದೇ. ಒಂದು ಹಾಳೆಯಲ್ಲಿ ಎರಡನ್ನೂ ಪಕ್ಕಪಕ್ಕ ಬರೆದುಕೊಂಡು ಒಂದನೇ ತರಗತಿಯ ಮಕ್ಕಳಂತೆ ತಿದ್ದಿದೆ. ಐವತ್ತರ ಹತ್ತಿರ ಬಂದವಳು ಬೆರಳಿಟ್ಟು ಕೂಡಿಸಿ ಓದುವುದನ್ನು ನೋಡಿ ಮಗಳು ನಕ್ಕಳು. ವಾರದಲ್ಲಿ ಹೆಸರುಗಳು ತಾವಾಗಿ ಕಾಣಿಸತೊಡಗಿದವು.

ಸಂಜೆ ಶಾಲೆಯಿಂದ ಬಂದು ಕಾಫಿ ಕುಡಿದು ದಿನಕ್ಕೆ ಐದಾರು ಪುಟ ಓದುತ್ತಿದ್ದೆ. ಪಟ್ಟಿ ಓದುವುದು ಬೇಸರದ ಕೆಲಸವೆಂದು ತಿಳಿದಿದ್ದೆ, ಹಾಗಾಗಲಿಲ್ಲ. ಒಂದು ಮನೆಯಲ್ಲಿ ನಾಲ್ಕು ಸೊಸೆಯರು, ಪಕ್ಕದ ಮನೆಯಲ್ಲಿ ಒಬ್ಬಳೇ ಮುದುಕಿ, ಅದರಾಚೆ ತಾತನ ಹೆಸರನ್ನೇ ಇಟ್ಟುಕೊಂಡ ಮೂವರು ಮೊಮ್ಮಕ್ಕಳು. ಓದುತ್ತ ಹೋದಂತೆ ಬೀದಿಯಲ್ಲಿ ನಡೆದ ಹಾಗೇ ಆಗುತ್ತಿತ್ತು. ಮೊದಲ ಎರಡು ಊರಿನಲ್ಲಿ ಅವಳ ಹೆಸರಿನವರು ಏಳು ಜನ ಸಿಕ್ಕರು. ಗಂಡನ ಹೆಸರು ಒಂದೂ ಸರಿಯಿರಲಿಲ್ಲ. ಮೂರನೆಯ ಊರಿನ ಹೊಸ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಅದೇ ಊರಿನ ಹಳೆಯ ಪಟ್ಟಿಯೂ ಅಲ್ಲೇ ಇತ್ತು. ಅದನ್ನು ತೆರೆದೆ.

ಗುರುವಾರ ಸಂಜೆ ಅವಳು ಸಿಕ್ಕಳು. ಅವಳ ಹೆಸರು, ಸೋದರಮಾವನ ಹೆಸರು, ಸರಿಯಾದ ವಯಸ್ಸು. ಹೆಸರಿನ ಮೇಲೆ ಅಡ್ಡಲಾಗಿ ತೆಗೆದುಹಾಕಿದ ಮುದ್ರೆ. ಪಕ್ಕದಲ್ಲಿ ಒಂದು ಸಣ್ಣ ಅಕ್ಷರ.

ಆ ಅಕ್ಷರ ಮಸಿ ಹರಡಿದ ಹಾಗೆ ಕಾಣುತ್ತಿತ್ತು. ದೊಡ್ಡದು ಮಾಡಿದೆ, ಚೌಕ ಚೌಕವಾಗಿ ಒಡೆಯಿತು. ಒಂದು ಸಲ ಎಸ್ ಎನಿಸಿತು, ಕಣ್ಣು ಉಜ್ಜಿ ನೋಡಿದರೆ ಇ ಎನಿಸಿತು. ಮಗಳನ್ನು ಕರೆದು ತೋರಿಸಿದೆ, ವಿಷಯ ಹೇಳದೆ. ಅವಳು ಎಂಟು ಇರಬೇಕು ಎಂದು ಹೋದಳು.

ಆ ಎರಡು ದಿನ ನನಗೆ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಹೊಳವನಹಳ್ಳಿಯಲ್ಲಿ ನಾನು ಎಷ್ಟು ಜನರ ಹೆಸರಿನ ಮುಂದೆ ಇ ಎಂದು ಬರೆದಿದ್ದೇನೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ. ಬರೆದು ಮುಂದಿನ ಮನೆಗೆ ನಡೆದಿದ್ದೆ. ಈ ಅಕ್ಷರಕ್ಕಾಗಿ ಎಲ್ಲೋ ಒಬ್ಬರು ಹೀಗೆ ಕಣ್ಣು ಕಿರಿದು ಮಾಡಿಕೊಂಡು ಕೂರಬಹುದು ಎಂದು ನನಗೆ ಹೊಳೆದಿರಲೇ ಇಲ್ಲ. ಇಲಾಖೆ ಕೆಲಸಕ್ಕೆ ಕೊಟ್ಟ ಆ್ಯಪಿನಲ್ಲಿ ಬೇರೆ ದಾರಿ ಇದ್ದೀತು ಎಂದು ಸಹೋದ್ಯೋಗಿ ಹೇಳಿದರು. ಅದನ್ನು ಸ್ವಂತಕ್ಕೆ ಬಳಸುವುದು ಸರಿಯಲ್ಲ ಎಂದು ಬಿಟ್ಟೆ. ಊರು ಗೊತ್ತಾಗಿತ್ತು, ಕಾಲಿತ್ತು, ಬಸ್ಸಿತ್ತು.

ಭಾನುವಾರ ಬೆಳಗ್ಗೆ ಮಧುಗಿರಿಯಿಂದ ಪಾವಗಡ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮಡಕಶಿರ, ಮುಂದೆ ಶೇರ್ ಆಟೊ. ಹಾದಿಯುದ್ದಕ್ಕೂ ಬೋರ್ಡುಗಳನ್ನು ಓದುತ್ತ ಹೋದೆ. ಓದಲು ಬಂದದ್ದಕ್ಕೆ ಸಣ್ಣ ಸಂತೋಷವಾಗುತ್ತಿತ್ತು, ಕೂಡಲೇ ಆ ಸಂತೋಷಕ್ಕೆ ನಾಚಿಕೆಯೂ ಆಗುತ್ತಿತ್ತು. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬ್ಯಾಗಿನಲ್ಲಿಟ್ಟುಕೊಂಡಿದ್ದೆ.

ಊರಿನ ಮೊದಲ ಮನೆಯ ಮುಂದೆ ವಯಸ್ಸಾದ ಹೆಂಗಸೊಬ್ಬರು ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತಿದ್ದರು. ನಾನು ಗೆಳತಿಯ ಹೆಸರು, ಅವಳ ಗಂಡನ ಹೆಸರು ಹೇಳಿದೆ. ಅವರ ಕೈ ನಿಂತಿತು. ಆ ಮನೆಯವರು ಈಗ ಇಲ್ಲಮ್ಮ ಎಂದು ತೆಲುಗಿನಲ್ಲಿ ಹೇಳಿದರು. ಇಲ್ಲ ಎನ್ನುವುದಕ್ಕೆ ಅವರ ಮಾತಿನಲ್ಲೂ ಎರಡು ಅರ್ಥವಿತ್ತು.

ನನಗೆ ಬರುತ್ತಿದ್ದ ನಾಲ್ಕು ತೆಲುಗು ಮಾತುಗಳಲ್ಲಿ ಒಂದನ್ನು ಆರಿಸಿ ಕೇಳಿದೆ. "ಆಮೆ ಉಂದಾ?" ಅವಳು ಇದ್ದಾಳಾ?

ಅವರು ನನ್ನ ಮುಖ ನೋಡಿದರು. ನಾನು ಏನು ಕೇಳುತ್ತಿದ್ದೇನೆಂದು ಆಗ ಅರ್ಥವಾಗಿರಬೇಕು. "ಉಂದಿ, ಉಂದಿ," ಎಂದು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಹರಕು ಕನ್ನಡದಲ್ಲೇ ಹೇಳಿದರು: "ಕುರಿ ಹೊಡ್ಕೊಂಡು ಶಿರಾ ಕಡೆ ಹೋದ್ರಮ್ಮ. ಅಲ್ಲೇ ನಿಂತ್ಬುಟ್ರು. ತಾವರೆಕೆರೆ."

ಶಿರಾ ತಾಲ್ಲೂಕಿನ ತಾವರೆಕೆರೆ. ನಾನು ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಒಳಗಿನಿಂದ ಅವರ ಮಗ ಫೋನ್ ನಂಬರು ಬರೆದುಕೊಟ್ಟ. ಅವರು ಕೊಟ್ಟ ನೀರು ಕುಡಿದು, ಸುಲಿದ ಬೀಜ ಒಂದು ಹಿಡಿ ತಿಂದು, ಹೊರಗೆ ಬೇವಿನ ಮರದ ಕೆಳಗೆ ನಿಂತು ಫೋನು ಮಾಡಿದೆ.

ಎತ್ತಿದ ದನಿ ದಪ್ಪಗಾಗಿತ್ತು. ಯಾರು ಎಂದು ಎರಡು ಸಲ ಕೇಳಿದಳು. ಮಧುಗಿರಿ ಹಾಸ್ಟೆಲಿನ ನಾನು ಎಂದು ಹೆಸರು ಹೇಳಿದೆ. ಆ ಕಡೆ ಕುರಿಗಳು ಅರಚುತ್ತಿದ್ದವು.

"ಎಲ್ಲಿದ್ದೀಯೇ?" ಎಂದಳು.

"ನಿಮ್ಮ ನವಣೆಹಳ್ಳಿಯಾಗೆ," ಎಂದೆ.

ಅವಳು ನಗತೊಡಗಿದಳು. ನಗು ನಿಲ್ಲಲೇ ಇಲ್ಲ. ಆಮೇಲೆ ಅದು ಬರೀ ನಗುವಾಗಿ ಉಳಿಯಲಿಲ್ಲ.

ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ತಾವರೆಕೆರೆಗೆ ಹೋದೆ. ಬಸ್ಸಿಳಿಯುವ ಜಾಗಕ್ಕೆ ಅವಳೇ ಬಂದಿದ್ದಳು. ಎತ್ತರವಾಗಿದ್ದವಳು ಸ್ವಲ್ಪ ಬಾಗಿದ್ದಳು, ಒಂದು ಕಡೆಯ ಹಲ್ಲು ಹೋಗಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ ದಪ್ಪಗಾಗಿದ್ದೀಯ ಎಂದಳು. ಮನೆಯವರೆಗೆ ನನ್ನ ಬ್ಯಾಗು ಅವಳೇ ಹಿಡಿದಳು. ಕುರಿ ಮೇಯಿಸಲು ಬಂದ ವರ್ಷ ಇಲ್ಲಿ ಗೊಬ್ಬರಕ್ಕೆ ಹೊಲದಲ್ಲಿ ಮಂದೆ ಕಟ್ಟಿದ್ದರಂತೆ. ಹೊಲದ ಯಜಮಾನರು ಒಳ್ಳೆಯವರು, ನೀರು ನೆರಳು ಕೊಟ್ಟರು, ಹಾಗೇ ಉಳಿದರು. ಈಗ ಒಂದೂವರೆ ಎಕರೆ ಸ್ವಂತದ್ದಿದೆ, ಐವತ್ತು ಕುರಿ ಇವೆ. ಗಂಡ ಮಿತಭಾಷಿ, ಹಾಸ್ಟೆಲಿನಲ್ಲಿ ಅವಳು ಬೈಯುತ್ತಿದ್ದಷ್ಟು ಕೆಟ್ಟವನಲ್ಲ ಎಂದು ನೋಡಿದ ಕೂಡಲೇ ಅನಿಸಿತು. ನಮಗೆ ಚಹಾ ತಂದಿಟ್ಟು ಕುರಿಯ ಕಡೆ ಹೋದ.

ಅಂಕಪಟ್ಟಿಯನ್ನು ತೆಗೆದು ಅವಳ ಕೈಗೆ ಕೊಟ್ಟೆ. ಏನಿದು ಎಂದಳು. ನಿನ್ನದೇ ಎಂದೆ.

ಅವಳು ನಿಧಾನವಾಗಿ ಓದಿದಳು. ತನ್ನ ಹೆಸರು, ಅಪ್ಪನ ಹೆಸರು, ಶಾಲೆಯ ಹೆಸರು. ಆಮೇಲೆ ಒಂದೊಂದೇ ವಿಷಯದ ಮೇಲೆ ಬೆರಳಿಟ್ಟಳು. ಗಣಿತಕ್ಕೆ ಬಂದಾಗ ಬೆರಳು ನಿಂತಿತು. ಅಲ್ಲಿ ಅರವತ್ತೆಂಟು ಇತ್ತು.

"ಲೆಕ್ಕದಾಗೆ ಫೇಲು ಅಂದ್ಬುಟ್ಟಿದ್ದ ಕಣೇ ನಮ್ಮಪ್ಪ. ಮಧುಗಿರಿಗೋಗಿ ನೋಡ್ಕಂಬಂದೆ, ನಿನ್ನ ನಂಬ್ರಿಲ್ಲ ಅಂದ."

ಬೇರೆ ಯಾವುದರಲ್ಲಿ ಫೇಲು ಎಂದು ಅಪ್ಪ ಹೇಳಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲವಂತೆ. ಲೆಕ್ಕ ಎಂದಾಗ ಅವಮಾನವಾಗಿ ಮತ್ತೆ ಕೇಳಲೇ ಇಲ್ಲವಂತೆ. ಇಷ್ಟು ವರ್ಷ ಸಂತೆಯಲ್ಲಿ ಕುರಿ ಮಾರುವಾಗ ಬಾಯಲ್ಲೇ ಲೆಕ್ಕ ಹಾಕಿ ವ್ಯಾಪಾರಿಗಳನ್ನು ಸುಮ್ಮನಾಗಿಸುವಾಗಲೂ, ಇದು ಹೆಂಗೆ ನನಗೆ ಪರೀಕ್ಷೆಯಲ್ಲಿ ಬರದೇ ಹೋಯಿತು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದಳಂತೆ. ಮದುವೆಗೆ ಅಡ್ಡಿಯಾಗಬಾರದೆಂದು ಅವರಪ್ಪ ಆ ಸುಳ್ಳು ಹೇಳಿರಬೇಕು. ಈಗ ಕೇಳೋಣವೆಂದರೆ ಅವರಿಲ್ಲ.

ನಾನು ಅಂಚೆಗೆ ಹಾಕಿದ್ದರೆ ಸಾಕಿತ್ತು, ನನ್ನದು ತಪ್ಪು ಎಂದೆ. ಬರುವಾಗ ಬಸ್ಸಿನಲ್ಲಿ ಈ ಮಾತನ್ನು ಎಷ್ಟೋ ರೀತಿ ಜೋಡಿಸಿಕೊಂಡಿದ್ದೆ. ಕೊನೆಗೆ ಹೇಳಲು ಬಂದದ್ದು ಇಷ್ಟೇ.

"ಹಾಕಿದ್ರೂ ನಮ್ಮಪ್ಪನ ಕೈಗೇ ಹೋಗ್ತಿತ್ತು," ಎಂದಳು. "ಒಲೆಗೆ ಹಾಕಿರೋನು. ನಿನ್ತಾವ ಇದ್ದುದ್ಕೆ ಉಳೀತು."

ಅವಳು ನನ್ನನ್ನು ಸಮಾಧಾನ ಮಾಡಲು ಹಾಗಂದಳೋ, ನಿಜವಾಗಿಯೂ ಹಾಗೇ ಅನಿಸಿತ್ತೋ ಗೊತ್ತಿಲ್ಲ. ನನ್ನ ತಪ್ಪು ಅದರಿಂದ ಕಡಿಮೆಯಾಗುವುದಿಲ್ಲ. ಆದರೂ ಎದೆಯ ಭಾರ ಇಳಿದದ್ದು ಸುಳ್ಳಲ್ಲ. ಅವಳು ಅಳಲಿಲ್ಲ. ಗಂಡನನ್ನು ಕೂಗಿ ಕರೆದು ಅಂಕಪಟ್ಟಿ ತೋರಿಸಿ ತೆಲುಗಿನಲ್ಲಿ ಏನೋ ಅಂದಳು. ಅವನು ಕೈ ಒರೆಸಿಕೊಂಡು ಅದನ್ನು ಎರಡೂ ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ, ಬಹಳ ಹೊತ್ತು ನೋಡಿದ.

ಮಾತಿನ ನಡುವೆ ತಿಳಿದ ಇನ್ನೊಂದು ಸಂಗತಿ. ಅಲ್ಲಿ ಹೆಸರು ತೆಗೆದ ಮೇಲೆ ಇಲ್ಲಿ ಸೇರಿಸಿಕೊಂಡೇ ಇರಲಿಲ್ಲ. ಆಂಧ್ರದ ಪಟ್ಟಿಯಲ್ಲೂ ಇಲ್ಲ, ಕರ್ನಾಟಕದ ಪಟ್ಟಿಯಲ್ಲೂ ಇಲ್ಲ. ನಾನು ಎಷ್ಟೇ ಚೆನ್ನಾಗಿ ಹುಡುಕಿದ್ದರೂ ಹೊಸ ಪಟ್ಟಿಯಲ್ಲಿ ಅವಳು ಸಿಗುತ್ತಿರಲಿಲ್ಲ. ಆ ಊರಿನ ಕೆಲಸ ನನ್ನದಲ್ಲ, ಬೇರೆ ಟೀಚರದು. ಅವರ ಮನೆ ಹುಡುಕಿಕೊಂಡು ಹೋಗಿ ಗಂಡಹೆಂಡತಿ ಇಬ್ಬರ ಅರ್ಜಿಯನ್ನೂ ಕೊಟ್ಟೆವು. ಹುಟ್ಟಿದ ತಾರೀಕಿಗೆ ದಾಖಲೆ ಏನಿದೆ ಎಂದು ಅವರು ಕೇಳಿದಾಗ ಗೆಳತಿ ಪ್ಲಾಸ್ಟಿಕ್ ಕವರು ಬಿಚ್ಚಿ ಅಂಕಪಟ್ಟಿ ಮುಂದೆ ಇಟ್ಟಳು. ಸಹಿ ಜಾಗದಲ್ಲಿ ಹೆಬ್ಬೆಟ್ಟಿಗೆ ಪ್ಯಾಡು ತೆರೆದಿದ್ದರು ಅವರು. ಅವಳು ಪೆನ್ನು ಕೇಳಿದಳು.

ಈಗ ಅವಳು ವಾರಕ್ಕೊಮ್ಮೆ ಫೋನು ಮಾಡುತ್ತಾಳೆ, ಕುರಿ ಮನೆಗೆ ಬಂದ ಮೇಲೆ, ಅಡುಗೆಗೆ ಮುಂಚೆ. ನಾನು ಮಾಡಿದರೆ ಹೆಚ್ಚಾಗಿ ಎತ್ತುವುದಿಲ್ಲ. ಫೋನು ಮನೆಯಲ್ಲಿರುತ್ತದೆ, ಅವಳು ಹೊಲದಲ್ಲಿರುತ್ತಾಳೆ. ನಮ್ಮ ಜೊತೆ ಹಾಸ್ಟೆಲಿನಲ್ಲಿದ್ದ ಇನ್ನಿಬ್ಬರನ್ನೂ ಹುಡುಕು ಎಂದು ಕೂತಿದ್ದಾಳೆ. ಒಬ್ಬಳ ಊರಿನ ಹೆಸರು ಅವಳಿಗೆ ಗೊತ್ತು, ಗಂಡನ ಹೆಸರು ಗೊತ್ತಿಲ್ಲ. ಇನ್ನೊಬ್ಬಳದು ಗಂಡನ ಹೆಸರು ಗೊತ್ತು, ಊರು ಗೊತ್ತಿಲ್ಲ. ಕೊರಟಗೆರೆ ಕಡೆಯದಿರಬೇಕು ಎಂದು ನನ್ನ ಅಂದಾಜು. ಹೋದ ವಾರ ಎರಡು ಮತಗಟ್ಟೆಯ ಪಟ್ಟಿ ಇಳಿಸಿಕೊಂಡಿದ್ದೇನೆ, ಇನ್ನೂ ಓದಲು ಕೂತಿಲ್ಲ.